ನನ್ನ ಪ್ಲಗಿನ್ ಹಾಕಿದ ಕೊಕ್ಕೆ: ವಿಕಿಯ ನಿಯಮ ಬರೆಯೋರು ಯಾರು?

ಗ್ರಾಮಸಭೆಯಲ್ಲಿ ನಮ್ಮ ಹುಡುಗರು ಎದ್ದು ನಿಂತು, "ಕೆರೆ ಹೂಳೆತ್ತೋಕೆ 14 ಲಕ್ಷ ಖರ್ಚಾಗಿದೆ ಅಂತ ನೀವೇ ಉತ್ತರ ಕೊಟ್ಟಿದ್ದೀರಿ, ಅಷ್ಟು ಕೆಲಸ ಎಲ್ಲಿ ಆಗಿದೆ ತೋರಿಸಿ" ಅಂತ ಕೇಳಿದರು. ಕಾರ್ಯದರ್ಶಿ ಫೈಲು ತೆಗೆಸಿ ಎಲ್ಲರ ಮುಂದೆ ಓದಿದರು. 4 ಲಕ್ಷ. ಹಿಂದಿನ ಸಾಲಿನಲ್ಲಿ ಕೂತಿದ್ದವರು ನಕ್ಕರು. ಆ ಸಭೆಯಲ್ಲಿ ನಾವು ಕೇಳಬೇಕು ಅಂದುಕೊಂಡಿದ್ದ ಇನ್ನುಳಿದ ಆರು ಪ್ರಶ್ನೆಗಳಿಗೆ ಬೆಲೆಯೇ ಇಲ್ಲದಂತಾಯಿತು.

ತಪ್ಪು ಹುಡುಗರದ್ದಲ್ಲ. ಅವರು ನಮ್ಮದೇ ವಿಕಿಯಲ್ಲಿದ್ದ ಅಂಕಿಯನ್ನು ಓದಿದ್ದರು. ಆ ಅಂಕಿ ತಪ್ಪು ಅಂತ ಒಬ್ಬರಿಗೆ ಗೊತ್ತಿತ್ತು, ಅವರು ಅದನ್ನು ತಿದ್ದಲು ಎರಡು ಸಲ ಪ್ರಯತ್ನಪಟ್ಟಿದ್ದರು. ಎರಡನೇ ಸಲ ಅವರನ್ನು ತಡೆದದ್ದು ನಾನು ಬರೆದ ಒಂದು ಪ್ಲಗಿನ್.

ಹಾಗಾಗಿ ಈ ಬರಹ ಅರ್ಧ ವಿವರಣೆ, ಅರ್ಧ ತಪ್ಪೊಪ್ಪಿಗೆ. ವಿಕಿ ತಂತ್ರಾಂಶಕ್ಕೆ ಪ್ಲಗಿನ್ ಬರೆಯೋದು ಹೇಗೆ ಅನ್ನೋದು ಇಂಜಿನಿಯರುಗಳ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ಈಗ ಅದು ಯಾರು ಏನು ಬರೆಯಬಹುದು, ಯಾರ ಮಾತು ದಾಖಲಾಗುತ್ತೆ ಅನ್ನೋದರ ವಿಷಯ ಅಂತ ಅನ್ನಿಸುತ್ತಿದೆ.

ಎಂಜಿನ್ ಒಂದು, ಮನೆ ಸಾವಿರ

ನಮ್ಮದು ಸಣ್ಣ ಗುಂಪು. ಮಾಹಿತಿ ಹಕ್ಕಿನಡಿ ಬಂದ ಉತ್ತರಗಳನ್ನು ಟೈಪ್ ಮಾಡಿ, ಊರಿನ ಯಾರು ಬೇಕಾದರೂ ಓದುವ, ತಿದ್ದುವ ಹಾಗೆ ಒಂದು ಕಡೆ ಇಡಬೇಕಿತ್ತು. ಅದಕ್ಕೆ ಮೀಡಿಯಾವಿಕಿ ಹಾಕಿಕೊಂಡೆವು. ವಿಕಿಪೀಡಿಯ ಓಡುವುದು ಇದೇ ಎಂಜಿನ್ ಮೇಲೆ. ಇದು ಮುಕ್ತ ತಂತ್ರಾಂಶ, ಜಿಪಿಎಲ್ ಪರವಾನಗಿಯದ್ದು. ಯಾರ ಅಪ್ಪಣೆಯನ್ನೂ ಕೇಳದೆ ಇಳಿಸಿಕೊಂಡು, ಓದಿ, ಬದಲಿಸಿ, ಓಡಿಸಬಹುದು.

'ವಿಕಿ' ಅನ್ನುವ ಪದ ಬಂದದ್ದು ಹವಾಯಿಯ ಹೊನೊಲುಲು ವಿಮಾನ ನಿಲ್ದಾಣದ 'ವಿಕಿ ವಿಕಿ' ಬಸ್ಸಿನಿಂದ. ಅಲ್ಲಿನ ಭಾಷೆಯಲ್ಲಿ ವಿಕಿ ಅಂದರೆ ಬೇಗ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ಶುರುಮಾಡಿದಾಗ ಆ ಹೆಸರು ಇಟ್ಟರು. 2001ರ ಜನವರಿಯಲ್ಲಿ ವಿಕಿಪೀಡಿಯ ಶುರುವಾದಾಗ ಅದು ಓಡುತ್ತಿದ್ದದ್ದು ಯೂಸ್‌ಮಾಡ್‌ವಿಕಿ ಎಂಬ ಬೇರೊಂದು ತಂತ್ರಾಂಶದ ಮೇಲೆ. ಅದು ಭಾರ ತಾಳಲಿಲ್ಲ. ಮುಂದಿನ ವರ್ಷ ಮ್ಯಾಗ್ನಸ್ ಮ್ಯಾನ್ಸ್ಕೆ ಪಿಎಚ್‌ಪಿಯಲ್ಲಿ ಬರೆದ ಹೊಸದು ಅದರ ಜಾಗಕ್ಕೆ ಬಂತು, ಅದೇ ವರ್ಷ ಲೀ ಡೇನಿಯಲ್ ಕ್ರಾಕರ್ ಅದನ್ನೂ ತಿರುಗಿ ಬರೆದರು. ಮೀಡಿಯಾವಿಕಿ ಅಂತ ಹೆಸರಾದದ್ದು ಆಮೇಲೆ.

ಈ ಎಂಜಿನ್ನಿನ ಒಳತಿರುಳು ಮಾಡುವ ಕೆಲಸ ಇಷ್ಟು: ಪುಟ ತೋರಿಸು, ತಿದ್ದಲು ಬಿಡು, ಪ್ರತಿ ತಿದ್ದುಪಡಿಯನ್ನೂ ಇತಿಹಾಸದಲ್ಲಿ ಉಳಿಸು. ಉಳಿದದ್ದೆಲ್ಲ ಪ್ಲಗಿನ್. ಮೀಡಿಯಾವಿಕಿಯವರು ಅದನ್ನು 'ಎಕ್ಸ್‌ಟೆನ್ಶನ್' ಅಂತ ಕರೆಯುತ್ತಾರೆ. ವಿಕಿಸೋರ್ಸ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪುಟ ಒಂದು ಬದಿಗೆ, ಟೈಪ್ ಮಾಡಿದ ಪಠ್ಯ ಇನ್ನೊಂದು ಬದಿಗೆ ಕಾಣುತ್ತದಲ್ಲ, ಅದು ಒಂದು ಪ್ಲಗಿನ್. ಅಡಿಟಿಪ್ಪಣಿ ಒಂದು ಪ್ಲಗಿನ್. ಒಂದು ವಿಕಿಯಲ್ಲಿ ಯಾವ ಯಾವ ಪ್ಲಗಿನ್ ಓಡುತ್ತಿವೆ ಅನ್ನೋದನ್ನು ಅದರ ವಿಶೇಷ ಪುಟಗಳಲ್ಲಿರುವ 'ಆವೃತ್ತಿ' ಪುಟದಲ್ಲಿ ನೋಡಬಹುದು. ಕನ್ನಡ ವಿಕಿಪೀಡಿಯದ್ದನ್ನೂ ನೋಡಬಹುದು. ನೀವು ದಿನಾ ಬಳಸುವ ಯಾವ ಸೋಶಿಯಲ್ ಮೀಡಿಯಾ ಆ್ಯಪ್ ಹೀಗೆ ತನ್ನ ಹೊಟ್ಟೆಯೊಳಗೇನಿದೆ ಅಂತ ತೋರಿಸುತ್ತೆ ಹೇಳಿ?

ಆಕ್ಷೇಪಣೆ ಇದೆಯಾ ಅಂತ ಕೇಳುವ ಕ್ಷಣ

ಪ್ಲಗಿನ್ ಎಂಜಿನ್ನಿಗೆ ಅಂಟಿಕೊಳ್ಳುವುದು 'ಹುಕ್' ಮೂಲಕ. ಹುಕ್ ಅಂದರೆ ಕೊಕ್ಕೆ. ಕನ್ನಡದಲ್ಲಿ ಕೊಕ್ಕೆ ಹಾಕೋದು ಅಂದರೆ ನಡೆಯುವ ಕೆಲಸಕ್ಕೆ ತಕರಾರು ತೆಗೆಯೋದು. ಇಲ್ಲಿ ಎರಡು ಅರ್ಥವೂ ಸರಿಯಾಗೇ ಕೂರುತ್ತೆ.

ಗ್ರಾಮಸಭೆಯ ನಡಾವಳಿಯನ್ನೇ ತಗೊಳ್ಳಿ. ಠರಾವು ಓದುತ್ತಾರೆ, ಪುಸ್ತಕದಲ್ಲಿ ಬರೆಯುವ ಮೊದಲು "ಯಾರದಾದರೂ ಆಕ್ಷೇಪಣೆ ಇದೆಯಾ?" ಅಂತ ಕೇಳುತ್ತಾರೆ, ಅಥವಾ ಕೇಳಬೇಕು. ಮೀಡಿಯಾವಿಕಿಯ ಒಳತಿರುಳಿನಲ್ಲಿ ಹೀಗೆ ನಿಂತು ಕೇಳುವ ಜಾಗಗಳು ನೂರಾರಿವೆ. ಪುಟ ಉಳಿಸುವ ಮೊದಲು ಒಂದು, ಉಳಿಸಿದ ಮೇಲೆ ಒಂದು, ಹೊಸ ಸದಸ್ಯರು ಸೇರಿದಾಗ ಒಂದು. ನಿಮ್ಮ ಪ್ಲಗಿನ್ ಮೊದಲೇ "ಈ ಕ್ಷಣ ಬಂದಾಗ ನನ್ನನ್ನೂ ಕೇಳಿ" ಅಂತ ಹೆಸರು ಕೊಟ್ಟಿರುತ್ತೆ. ಎಂಜಿನ್ ಕರೆಯುತ್ತೆ. ನೀವು ಸರಿ ಅನ್ನಬಹುದು, ಏನಾದರೂ ಸೇರಿಸಬಹುದು, ಕೆಲವು ಕಡೆ ಬೇಡ ಅಂತ ನಿಲ್ಲಿಸಲೂಬಹುದು.

ಎಂಜಿನ್ ಕೇಳದೇ ಇರುವ ಜಾಗದಲ್ಲಿ ನಿಮ್ಮ ದನಿಗೆ ಜಾಗವಿಲ್ಲ. ಅಲ್ಲಿ ಹುಕ್ ಬೇಕು ಅಂದರೆ ಒಳತಿರುಳನ್ನು ನೋಡಿಕೊಳ್ಳುವವರನ್ನು ಒಪ್ಪಿಸಬೇಕು. ಭಿನ್ನಾಭಿಪ್ರಾಯಕ್ಕೆ ಎಲ್ಲೆಲ್ಲಿ ಜಾಗ ಅನ್ನೋದೂ ಯಾರೋ ಕೂತು ಮಾಡಿದ ತೀರ್ಮಾನವೇ.

ಬರೆಯೋದು ಅಷ್ಟೇನೂ ಕಷ್ಟವಲ್ಲ. ಒಂದು ಫೋಲ್ಡರ್. ಅದರೊಳಗೆ 'ಎಕ್ಸ್‌ಟೆನ್ಶನ್.ಜೇಸನ್' ಅನ್ನುವ ಫೈಲು, ಅದು ಪ್ಲಗಿನ್ನಿನ ಜಾತಕ: ಹೆಸರು, ಯಾವ ಹುಕ್‌ಗಳು, ಯಾವ ಹುಕ್‌ಗೆ ಯಾವ ಕೋಡ್. ಪಕ್ಕದಲ್ಲಿ ಪಿಎಚ್‌ಪಿ ಫೈಲು, ನಿಜವಾದ ಕೆಲಸ ಅದರದ್ದು. ಇನ್ನೊಂದು ಉಪಫೋಲ್ಡರಿನಲ್ಲಿ ಬಳಕೆದಾರರಿಗೆ ಕಾಣುವ ಮಾತುಗಳು, ಭಾಷೆಗೊಂದು ಫೈಲು. ಕೊನೆಗೆ ವಿಕಿಯ 'ಲೋಕಲ್‌ಸೆಟ್ಟಿಂಗ್ಸ್' ಫೈಲಿನಲ್ಲಿ ಈ ಪ್ಲಗಿನ್ ಹತ್ತಿಸು ಅಂತ ಒಂದೇ ಒಂದು ಸಾಲು. ಪಿಎಚ್‌ಪಿ ಸ್ವಲ್ಪ ಗೊತ್ತಿದ್ದರೆ ಒಂದು ಸಂಜೆಯಲ್ಲಿ ಮೊದಲ ಪ್ಲಗಿನ್ ಓಡುತ್ತೆ. ನನಗೂ ಒಂದೇ ಸಂಜೆ ಸಾಕಾಯಿತು. ಸಮಸ್ಯೆ ಆದದ್ದೇ ಅಲ್ಲಿ.

ಒಂದು ಸಂಜೆಯ ನಿಯಮ

ಒಂದು ದಿನ ನಮ್ಮ ಕೆರೆ ಪುಟದಲ್ಲಿ 14 ಇದ್ದದ್ದು 4 ಆಗಿತ್ತು. ಲಾಗಿನ್ ಆಗದೆ ಯಾರೋ ಬದಲಿಸಿದ್ದರು. ಕಾರಣವನ್ನೂ ಬರೆದಿರಲಿಲ್ಲ. ನಮಗೆ ತಕ್ಷಣ ಹೊಳೆದದ್ದು ಒಂದೇ: ಗುತ್ತಿಗೆದಾರರ ಕಡೆಯವರು ಕೈ ಆಡಿಸಿದ್ದಾರೆ. ಹಳೆಯ ಅಂಕಿಗೇ ವಾಪಸ್ ಮಾಡಿದೆವು. ಇನ್ನು ಮುಂದೆ ಅಂಕಿ ಬದಲಿಸುವವರು ಕಾರಣ ಬರೆಯಲೇಬೇಕು, ಇಲ್ಲದಿದ್ದರೆ ಪುಟ ಉಳಿಯಲೇಬಾರದು ಅಂತ ಗುಂಪಿನಲ್ಲಿ ಮಾತಾಯಿತು. ಆ ರಾತ್ರಿಯೇ ನಾನು ಕೂತು ಪ್ಲಗಿನ್ ಬರೆದೆ.

ಪುಟ ಉಳಿಸುವ ಮೊದಲು ಕರೆಯುವ ಹುಕ್ ಒಂದಿದೆ, 'ಎಡಿಟ್‌ಫಿಲ್ಟರ್‌ಮರ್ಜ್ಡ್‌ಕಂಟೆಂಟ್' ಅಂತ. ಹೊಸ ಪಠ್ಯ, ತಿದ್ದಿದವರು ಬರೆದ ಸಾರಾಂಶ, ತಿದ್ದಿದವರು ಯಾರು ಅನ್ನೋದೆಲ್ಲ ಅದು ಕೈಗೆ ಕೊಡುತ್ತೆ. ಅದರಲ್ಲಿ ಮೂರು ಪರೀಕ್ಷೆ ಇಟ್ಟೆ. ಪಠ್ಯದಲ್ಲಿ ಅಂಕಿ ಬದಲಾಗಿದೆಯಾ? ಆಗಿದ್ದರೆ ಕಾರಣ ಕನಿಷ್ಠ 25 ಅಕ್ಷರ ಇದೆಯಾ? 120 ಅಕ್ಷರ ಮೀರಿಲ್ಲ ತಾನೇ? (ಗರಿಷ್ಠ ಮಿತಿ ಯಾಕೆ ಇಟ್ಟೆ ಅಂತ ಈಗ ಯೋಚಿಸಿದರೆ ನಾಚಿಕೆಯಾಗುತ್ತೆ. ಮೊಬೈಲಿನಲ್ಲಿ ಪಟ್ಟಿ ಚೆನ್ನಾಗಿ ಕಾಣಲಿ ಅಂತ.) ಮೂರರಲ್ಲೂ ಪಾಸಾದರೆ ಉಳಿಸು, ಇಲ್ಲದಿದ್ದರೆ ಕೆಂಪು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ನಿಲ್ಲಿಸು.

ಇಂಗ್ಲಿಷಿನಲ್ಲಿ ಪರೀಕ್ಷಿಸಿದೆ. ಎಲ್ಲಾ ಸರಿಯಾಗಿತ್ತು.

ಕನ್ನಡದಲ್ಲಿ ಏನಾಯಿತು ನೋಡಿ. ಪಿಎಚ್‌ಪಿಗೆ ಉದ್ದ ಎಷ್ಟು ಅಂತ ಮಾಮೂಲಿ ರೀತಿಯಲ್ಲಿ ಕೇಳಿದರೆ ಅದು ಎಣಿಸೋದು ಅಕ್ಷರವನ್ನಲ್ಲ, ಬೈಟ್‌ಗಳನ್ನು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ವಿಕಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಸಂಕೇತ ಅಂದರೆ ನಾವು ಶಾಲೆಯಲ್ಲಿ ಕಲಿತ ಅಕ್ಷರವೂ ಅಲ್ಲ. 'ಸ್ತ್ರೀ' ಅನ್ನುವ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ 6 ಸಂಕೇತ: ಸ, ಅರ್ಧಗುರುತು, ತ, ಮತ್ತೆ ಅರ್ಧಗುರುತು, ರ, ದೀರ್ಘದ ಗುರುತು. ಒಟ್ಟು 18 ಬೈಟ್. ಬೈಟ್ ಬೇಡ, ಸಂಕೇತ ಎಣಿಸು ಅಂದರೆ 6 ಅನ್ನುತ್ತೆ. ಕಣ್ಣಿಗೆ ಕಾಣುವ ಘಟಕ ಎಣಿಸು ಅಂತ ಇನ್ನೊಂದು ಉಪಕರಣವನ್ನು ಕೇಳಿದರೆ ನನ್ನ ಯಂತ್ರ 3 ಅನ್ನುತ್ತೆ. ಒಂದು ಅಂತ ಹೇಳುವುದು ಕನ್ನಡ ಓದುವ ಮನುಷ್ಯರು ಮಾತ್ರ.

ಹಾಗಾಗಿ ನನ್ನ ಕನಿಷ್ಠ ಮಿತಿ ಕನ್ನಡದಲ್ಲಿ ನಗೆಪಾಟಲಾಯಿತು. "ಸರಿ ಮಾಡಿದೆ" ಅಂತ ಬರೆದರೆ 28 ಬೈಟ್, ಪಾಸ್. ಗರಿಷ್ಠ ಮಿತಿ ಮಾತ್ರ ಕುತ್ತಿಗೆಗೆ ಬಂತು.

ನಮ್ಮ ಗುಂಪಿನಲ್ಲಿ ಒಬ್ಬರು ಅಂಗನವಾಡಿ ಕಾರ್ಯಕರ್ತೆ ಇದ್ದಾರೆ, ನಾವೆಲ್ಲ ಅಕ್ಕ ಅಂತಲೇ ಕರೆಯೋದು. ಮೊದಲ ಸಲ ಲಾಗಿನ್ ಆಗಲು ಮರೆತು 14ನ್ನು 4 ಮಾಡಿದವರು ಅವರೇ. ನಾವು ಅದನ್ನು ವಾಪಸ್ ಮಾಡಿದ್ದನ್ನು ನೋಡಿ, ಈ ಸಲ ಲಾಗಿನ್ ಆಗಿ, ನಿಯಮದಂತೆ ಕಾರಣವನ್ನೂ ಬರೆದರು: "ಪಂಚಾಯಿತಿ ಕಾರ್ಯದರ್ಶಿ ಕೊಟ್ಟ ನಕಲಿನ ಎರಡನೇ ಪುಟ ನೋಡಿ". ಏಳು ಪದ. ಎಣಿಸಿದರೆ 22 ಅಕ್ಷರ. ನನ್ನ ಪ್ಲಗಿನ್ ಲೆಕ್ಕದಲ್ಲಿ 126. ತಿರಸ್ಕೃತ. ಕೆಂಪು ಪೆಟ್ಟಿಗೆ, ಇಂಗ್ಲಿಷ್ ಸಾಲು. ಅವರು ತಮ್ಮನ್ನು ವಿಕಿಯಿಂದ ತೆಗೆದಿದ್ದಾರೆ ಅಂದುಕೊಂಡು ಸುಮ್ಮನಾದರು. ನಮಗೂ ಹೇಳಲಿಲ್ಲ. ಮುಂದಿನ ವಾರ ಗ್ರಾಮಸಭೆ.

ಸಭೆಯ ಮಾರನೇ ದಿನ ಅಕ್ಕ ಜೆರಾಕ್ಸ್ ಹಿಡಿದು ಬಂದರು. ಕೈಬರಹದ ಉತ್ತರ. 'ರೂ' ಆದಮೇಲೆ ಎಳೆದಿದ್ದ ಗೀಟನ್ನು ನಮ್ಮ ಹುಡುಗ 1 ಅಂತ ಓದಿ ಟೈಪ್ ಮಾಡಿದ್ದ. "ಏನಪ್ಪಾ, ನಾನು ಬರ್ದಿದ್ದು ಜಾಸ್ತಿ ಆಯ್ತು ಅಂತ ತೆಗ್ದಿದ್ದಾ?" ಅಂತ ಕೇಳಿದರು. ಹೌದಕ್ಕ, ಹಾಗೇ ಆಗಿದ್ದು ಅಂತ ಹೇಳಬೇಕಾಯಿತು.

ಇನ್ನೂ ಇದೆ. ಆಮೇಲೆ ಇತಿಹಾಸ ಕೆದಕಿದಾಗ, ಕೂಲಿ ದಿನಗಳ ಒಂದು ಪುಟದಲ್ಲಿ ೪೨ ಇದ್ದದ್ದು ೬೨ ಆಗಿತ್ತು. ಪ್ಲಗಿನ್ ತುಟಿ ಪಿಟಕ್ ಅಂದಿರಲಿಲ್ಲ. ನಾನು ಅಂಕಿ ಹುಡುಕಲು ಬರೆದದ್ದು '0ಯಿಂದ 9ರವರೆಗೆ' ಅಂತ. ಕನ್ನಡ ಅಂಕಿಗಳು ಅದರ ಕಣ್ಣಿಗೆ ಅಂಕಿಗಳೇ ಅಲ್ಲ. ಯೂನಿಕೋಡ್‌ನಲ್ಲಿ ಯಾವ ಲಿಪಿಯ ಅಂಕಿಯಾದರೂ ಸರಿ ಅಂತ ಹೇಳುವ ವಿಧಾನ ಇದೆ, ಅದನ್ನು ಬಳಸಿದರೆ ಸಾಕಿತ್ತು. ಅದೂ ಪೂರ್ತಿ ಸಾಲದು. ಸೊನ್ನೆ ೦ ಮತ್ತು ಅನುಸ್ವಾರದ ಬಿಂದು ನೋಡಲು ಒಂದೇ ಥರ, ಆದರೆ ಎರಡು ಬೇರೆ ಬೇರೆ ಸಂಕೇತ. ಅವಸರದಲ್ಲಿ ಟೈಪ್ ಮಾಡುವವರು ಸೊನ್ನೆಯ ಜಾಗಕ್ಕೆ ಬಿಂದು ಹಾಕಿರುತ್ತಾರೆ.

ಅಂದರೆ ಪ್ರಾಮಾಣಿಕವಾಗಿ ಕಾರಣ ಬರೆದ ಅಕ್ಕನನ್ನು ತಡೆದ ನಿಯಮವೇ ಸದ್ದಿಲ್ಲದೆ ಅಂಕಿ ತಿರುಚಿದ್ದನ್ನು ಒಳಗೆ ಬಿಟ್ಟಿತ್ತು.

ಇದು ನನ್ನೊಬ್ಬನ ಕಥೆಯಲ್ಲ

ಬೈಟ್ ಲೆಕ್ಕದ ಈ ಏರುಪೇರು ಮೀಡಿಯಾವಿಕಿಯ ಒಳತಿರುಳಿನಲ್ಲೂ ಇದೆ. ಪುಟದ ಶೀರ್ಷಿಕೆಗೆ ಮಿತಿ 255 ಬೈಟ್. ಇಂಗ್ಲಿಷಿನವರಿಗೆ 255 ಅಕ್ಷರ, ನಮಗೆ ಹೆಚ್ಚೆಂದರೆ 85 ಸಂಕೇತ. ತಿದ್ದುಪಡಿಯ ಸಾರಾಂಶಕ್ಕೂ ಬಹುಕಾಲ ಇದೇ 255 ಬೈಟಿನ ಮಿತಿ ಇತ್ತು. ತಾನು ಯಾಕೆ ಹೀಗೆ ತಿದ್ದಿದೆ ಅಂತ ವಿವರಿಸಲು ಕನ್ನಡ, ತಮಿಳು, ಹಿಂದಿಯವರಿಗೆ ಸಿಗುತ್ತಿದ್ದದ್ದು ಇಂಗ್ಲಿಷಿನವರಿಗೆ ಸಿಕ್ಕಿದ್ದರ ಮೂರನೇ ಒಂದು ಪಾಲು. ಅದನ್ನು 500 ಸಂಕೇತಗಳಿಗೆ ಏರಿಸಿ, ಎಲ್ಲ ಲಿಪಿಗೂ ಒಂದೇ ಅಳತೆ ಮಾಡಿದ್ದು 2018ರಲ್ಲಿ. ಯಾರೂ ದ್ವೇಷದಿಂದ ಮಾಡಿದ್ದಲ್ಲ. ಡೇಟಾಬೇಸ್ ಕೋಷ್ಟಕ ಮಾಡುವಾಗ ಆ ಕೋಣೆಯಲ್ಲಿ ಬೇರೆ ಲಿಪಿಯವರು ಇರಲಿಲ್ಲ, ಅಷ್ಟೇ. ಮೀಸಲಾತಿ, ಪ್ರಾತಿನಿಧ್ಯದ ಚರ್ಚೆ ಮಾಡುವ ನಮಗೆ ಈ ವಾದ ಹೊಸದೇನಲ್ಲ.

ಕೋಣೆಯಲ್ಲಿ ಇದ್ದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ವಿಕಿಯೊಳಗೇ ಭಾರತೀಯ ಭಾಷೆ ಟೈಪ್ ಮಾಡಲು 'ನಾರಾಯಂ' ಅಂತ ಒಂದು ಪ್ಲಗಿನ್ ಬಂತು. ಮಲಯಾಳಂ ವಿಕಿಪೀಡಿಯದವರ ಅಗತ್ಯದಿಂದ ಹುಟ್ಟಿದ್ದು. ಮಲಯಾಳಂನಲ್ಲಿ ನಾರಾಯಂ ಅಂದರೆ ತಾಳೆಗರಿಯ ಮೇಲೆ ಬರೆಯುವ ಕಂಟ. ಅಲ್ಲಿಂದ ಅದು ಬೇರೆ ಭಾಷೆಗಳಿಗೂ ಹಬ್ಬಿತು. 2013ರಲ್ಲಿ ಅದರ ಜಾಗಕ್ಕೆ ದೊಡ್ಡ ಭಾಷಾ ಪ್ಲಗಿನ್ ಬಂದಾಗ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಜೊತೆಗೆ ಕೆ.ಪಿ. ರಾವ್ ವಿನ್ಯಾಸದ ಕನ್ನಡ ಕೀಲಿಮಣೆಯೂ ಅದರೊಳಗೆ ಸೇರಿತು. ಇವತ್ತು ಸೈಬರ್ ಸೆಂಟರಿನ ಯಾವುದೋ ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡದೆ ಕನ್ನಡ ವಿಕಿಪೀಡಿಯ ತಿದ್ದಬಹುದಾದರೆ ಅದಕ್ಕೆ ಕಾರಣ ಈ ಪರಂಪರೆ.

ಜಗಳಗಳೂ ಆಗಿವೆ. ಚಿತ್ರಗಳನ್ನು ದೊಡ್ಡದಾಗಿ ತೋರಿಸುವ 'ಮೀಡಿಯಾ ವ್ಯೂವರ್' ಪ್ಲಗಿನ್ 2014ರಲ್ಲಿ ಎಲ್ಲರಿಗೂ ಹತ್ತಿಸಿದಾಗ ಜರ್ಮನ್ ವಿಕಿಪೀಡಿಯದ ಸಮುದಾಯ ಮತ ಹಾಕಿ ಬೇಡ ಅಂದಿತು. ಅಲ್ಲಿನ ನಿರ್ವಾಹಕರೊಬ್ಬರು ಸೈಟಿನ ಜಾವಾಸ್ಕ್ರಿಪ್ಟ್ ತಿದ್ದಿ ಅದನ್ನು ಆರಿಸಿದರು. ಆಗ ವಿಕಿಮೀಡಿಯ ಫೌಂಡೇಶನ್ ಏನು ಮಾಡಿತು ಗೊತ್ತಾ? ಚುನಾಯಿತ ನಿರ್ವಾಹಕರೂ ತಿದ್ದಲಾಗದಂಥ 'ಸೂಪರ್‌ಪ್ರೊಟೆಕ್ಟ್' ಎಂಬ ಹೊಸ ಬೀಗವನ್ನೇ ಎಂಜಿನ್ನಿಗೆ ಸೇರಿಸಿ ಆ ಪುಟಕ್ಕೆ ಜಡಿಯಿತು. ದೊಡ್ಡ ಪ್ರತಿಭಟನೆಯಾಯಿತು. 2015ರ ನವೆಂಬರಿನಲ್ಲಿ ಆ ಬೀಗವನ್ನು ತೆಗೆದರು. ಚಿತ್ರ ತೋರಿಸುವ ಒಂದು ಪ್ಲಗಿನ್ ವಿಷಯಕ್ಕೆ ಇಷ್ಟು ದೂರ ಹೋಯಿತು ಅಂದರೆ, ಪ್ಲಗಿನ್ ಹತ್ತಿಸುವ, ಆರಿಸುವ ಅಧಿಕಾರ ಎಷ್ಟು ದೊಡ್ಡದು ಅಂತ ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಬರೆದದ್ದರ ದೊಡ್ಡಣ್ಣನೂ ಇದ್ದಾನೆ: 'ಅಬ್ಯೂಸ್‌ಫಿಲ್ಟರ್'. ಇಂಗ್ಲಿಷ್ ವಿಕಿಪೀಡಿಯದಲ್ಲಿ 2009ರಿಂದ ಇದೆ. ಇಂಥ ತಿದ್ದುಪಡಿ ಬಂದರೆ ಎಚ್ಚರಿಸು, ಇಂಥದ್ದಕ್ಕೆ ಗುರುತು ಹಾಕು, ಇಂಥದ್ದನ್ನು ತಡೆ ಅಂತ ನಿಯಮ ಬರೆಯಬಹುದು. (ಹೌದು, ನಾನು ಅದನ್ನೇ ಹಾಕಿಕೊಂಡಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಸ್ವಂತ ಪ್ಲಗಿನ್ ಬರೆಯುವ ಹುಮ್ಮಸ್ಸು.) ಅದರಲ್ಲಿ ಕೆಲವು ನಿಯಮಗಳನ್ನು ಸಾರ್ವಜನಿಕರಿಗೆ ಕಾಣದಂತೆ ಇಡಬಹುದು. ನಿಯಮ ಓದಿದರೆ ಕಿಡಿಗೇಡಿಗಳು ಅದನ್ನು ತಪ್ಪಿಸಿಕೊಳ್ಳುತ್ತಾರೆ ಅನ್ನೋದು ಸಮರ್ಥನೆ. ಅದರಲ್ಲಿ ಹುರುಳಿದೆ. ಆದರೂ ನನ್ನನ್ನು ತಡೆಯುವ ಕಾನೂನನ್ನು ನಾನೇ ಓದುವಂತಿಲ್ಲ ಅನ್ನೋದನ್ನು ಒಪ್ಪಿಕೊಳ್ಳಲು ನನಗಂತೂ ಕಷ್ಟ. ನನ್ನ ನಿಯಮ ಎಲ್ಲರಿಗೂ ಕಾಣುವಂತೆ ಇದ್ದಿದ್ದರೆ 120 ಯಾಕೆ ಅಂತ ಯಾರಾದರೂ ಮೊದಲ ದಿನವೇ ಕೇಳುತ್ತಿದ್ದರು.

ಈಗ ಹೇಗಿದೆ

ಪ್ಲಗಿನ್ ಈಗ ಯಾರನ್ನೂ ತಡೆಯುವುದಿಲ್ಲ. ಅಂಕಿ ಬದಲಾದರೆ ಆ ತಿದ್ದುಪಡಿಗೆ 'ಅಂಕಿ ಬದಲಾಗಿದೆ' ಅಂತ ಒಂದು ಗುರುತು ಹಾಕುತ್ತೆ. ಇತ್ತೀಚಿನ ಬದಲಾವಣೆಗಳ ಪಟ್ಟಿಯಲ್ಲಿ ಅದು ಎಲ್ಲರಿಗೂ ಕಾಣುತ್ತೆ, ವಾರಕ್ಕೊಮ್ಮೆ ಇಬ್ಬರು ಕೂತು ಮೂಲ ಪ್ರತಿಯ ಜೊತೆ ತಾಳೆ ನೋಡುತ್ತಾರೆ. ಅದರಲ್ಲಿ ಒಬ್ಬರು ಅಕ್ಕ.

ಮಾತುಗಳನ್ನೂ ಕೋಡ್‌ನಿಂದ ಹೊರತೆಗೆದು ಭಾಷಾ ಫೈಲಿಗೆ ಹಾಕಿದೆ. ಇದೊಂದು ವಿಷಯದಲ್ಲಿ ಮೀಡಿಯಾವಿಕಿಗೆ ಕೈ ಮುಗಿಯಬೇಕು. ಅನುವಾದಕರಿಗೆ ಅಂತಲೇ ಪ್ರತ್ಯೇಕ ಫೈಲೊಂದು ಇರುತ್ತೆ, ಈ ಮಾತು ಎಲ್ಲಿ ಕಾಣುತ್ತೆ, ಯಾರಿಗೆ ಕಾಣುತ್ತೆ ಅಂತ ವಿವರಿಸೋಕೆ. ತುಂಡು ತುಂಡು ಪದಗಳನ್ನು ಕೋಡ್‌ನಲ್ಲಿ ಜೋಡಿಸಬೇಡಿ, ಪೂರ್ತಿ ವಾಕ್ಯ ಕೊಡಿ ಅಂತ ಅವರು ಪದೇ ಪದೇ ಹೇಳುತ್ತಾರೆ. ಯಾಕೆ ಅಂತ ಕನ್ನಡಕ್ಕೆ ತರುವಾಗ ತಿಳಿಯಿತು. ಇಂಗ್ಲಿಷಿನಲ್ಲಿ ಹೆಸರು, ಕ್ರಿಯಾಪದ, ಪುಟ ಅಂತ ಸಾಲಾಗಿ ಅಂಟಿಸಿದರೆ ವಾಕ್ಯವಾಗುತ್ತೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರಬೇಕು, ಹೆಸರಿಗೆ ವಿಭಕ್ತಿ ಹತ್ತಬೇಕು. ರಮೇಶ ಆದರೆ ರಮೇಶನಿಗೆ, ಗೀತಾ ಆದರೆ ಗೀತಾಗೆ. ಯಂತ್ರಕ್ಕೆ ಇದು ತಿಳಿಯದು. ಕೊನೆಗೆ 'ಎಂಬ ಸದಸ್ಯರಿಗೆ' ಅಂತ ಸೇರಿಸಿ ಪಾರಾದೆ. ಸ್ವಲ್ಪ ಸರ್ಕಾರಿ ನೋಟೀಸಿನ ಥರ ಕೇಳುತ್ತೆ, ಏನ್ಮಾಡೋದು. ಗಂಡೋ ಹೆಣ್ಣೋ ಅಂತ ಊಹೆ ಮಾಡುವ ಕೆಲಸವಾದರೂ ತಪ್ಪಿತು.

ನೀವು ಬರೆಯಲು ಹೊರಟರೆ ಒಂದು ಎಚ್ಚರಿಕೆ: ಮೀಡಿಯಾವಿಕಿಯಲ್ಲಿ ಪ್ಲಗಿನ್‌ಗೆ ಬೇಲಿ ಇಲ್ಲ. ಒಮ್ಮೆ ಹತ್ತಿಸಿದರೆ ಅದು ಎಂಜಿನ್ನಿನಷ್ಟೇ ಅಧಿಕಾರದಿಂದ ಓಡುತ್ತೆ, ಡೇಟಾಬೇಸ್ ಪೂರ್ತಿ ಅದರ ಕೈಯಲ್ಲಿ. ಬಳಕೆದಾರರು ಬರೆದ ಪಠ್ಯವನ್ನು ಶುಚಿ ಮಾಡದೆ ಪುಟಕ್ಕೆ ಸುರಿದರೆ ಯಾರೋ ಅದರಲ್ಲಿ ಜಾವಾಸ್ಕ್ರಿಪ್ಟ್ ಅಡಗಿಸಿ ಓದುವವರ ಲಾಗಿನ್ ಕದಿಯಬಹುದು. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಕ್ಕ ಪ್ಲಗಿನ್ನನ್ನು ಓದದೆ ಹಾಕಬೇಡಿ. ನೀವು ಬರೆದದ್ದನ್ನು ಇನ್ನೊಬ್ಬರಿಗೆ ಓದಿಸದೆ ಹತ್ತಿಸಬೇಡಿ. ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಒಂದು ವಿಕಿ ಹಾಕಿಕೊಂಡು ಕೆಡಿಸಿ ಕಲಿಯಿರಿ. ಕೋಡ್ ಬೇಡ ಅನ್ನುವವರು 'ಟ್ರಾನ್ಸ್‌ಲೇಟ್‌ವಿಕಿ' ತಾಣದಲ್ಲಿ ಪ್ಲಗಿನ್‌ಗಳ ಮಾತುಗಳನ್ನು ಕನ್ನಡಕ್ಕೆ ತರಬಹುದು, ಅಲ್ಲಿ ಕೆಲಸ ಬೇಕಾದಷ್ಟಿದೆ.

ಸೊನ್ನೆ ಮತ್ತು ಬಿಂದುವಿನ ತೊಂದರೆಗೆ ನನ್ನ ಪ್ಲಗಿನ್‌ನಲ್ಲಿ ಇನ್ನೂ ಪರಿಹಾರ ಇಲ್ಲ. ಅಂಕಿಯ ಪಕ್ಕ ಬಿಂದು ಬಂದರೆ ಗುರುತು ಹಾಕು ಅಂತ ಒಂದು ಸಾಲು ಬರೆದಿಟ್ಟಿದ್ದೇನೆ. ಹತ್ತಿಸಿಲ್ಲ. ಆ ನಿಯಮವನ್ನು ವಿಕಿಯಲ್ಲೇ ಒಂದು ಪುಟದಲ್ಲಿ ಹಾಕಿ, ಆಕ್ಷೇಪಣೆ ಇದ್ದವರು ಬರೆಯಿರಿ ಅಂತ ಕೇಳಿದ್ದೇವೆ. ಇಲ್ಲಿಯವರೆಗೆ ಮೂರು ಬಂದಿವೆ.